ಎರಡು ಪ್ಲೇಟು

ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ನಮ್ಮ ಮನೆಯವರೆಲ್ಲ ಬಂದು ಸೇರುವುದು ಬಚ್ಚಲಿಗೆ. ಹಂಡೆಯ ಕೆಳಗೆ ದಪ್ಪ ಕುಂಟೆಯೊಂದು ನಿಧಾನಕ್ಕೆ ಉರಿಯುತ್ತಿರುತ್ತದೆ. ಮೇಲೆ ಹಗ್ಗಕ್ಕೆ ಹಾಕಿದ, ವಾರವಾದರೂ ಒಣಗದ ಬಟ್ಟೆಗಳು ಹೊಗೆ ಕುಡಿಯುತ್ತಿರುತ್ತವೆ. ಕೆಂಡದಲ್ಲಿ ಹೂತಿಟ್ಟ ಹಲಸಿನ ಬೀಜ ಪಟ್ ಅಂದ ಕೂಡಲೇ ಮಕ್ಕಳಲ್ಲಿ ಯಾರಾದರೊಬ್ಬರು ಶುರು ಮಾಡುತ್ತಾರೆ: "ಚಿಕ್ಕಪ್ಪಯ್ಯ, ಪಿಕಪ್ಪಿನ ಕಥೆ ಹೇಳು."

ಅವರಿಗೆ ಬೇಕಾದದ್ದು ಒಂಬತ್ತನೇ ತಿರುವು. ಅಲ್ಲಿಗೆ ಬೇಗ ಬಾ ಎಂದು ಪೀಡಿಸುತ್ತಾರೆ. ನನಗೆ ಈಗಲೂ ಕಿವಿ ಬಿಸಿಯಾಗುವುದು ಆ ತಿರುವಿನಿಂದಲ್ಲ, ನಾನು ಬರೆದ ಒಂದು ಕಾಗದದಿಂದ. ಅದನ್ನು ಹೇಳುವಷ್ಟರಲ್ಲಿ ಮಕ್ಕಳಿಗೆ ನಿದ್ದೆ ಬಂದಿರುತ್ತದೆ. ಹಾಗಾಗಿ ಇಲ್ಲಿ ಪೂರ್ತಿ ಹೇಳುತ್ತೇನೆ.

2019ರ ಆಯುಧಪೂಜೆಗೆ ಅಣ್ಣಯ್ಯ ಹೊಸ ಪಿಕಪ್ ತಂದ. ತೀರ್ಥಹಳ್ಳಿಯಲ್ಲಿ ಶುರುವಾಗಿ ಮಲ್ಪೆಯಲ್ಲಿ ಮುಗಿಯುವ 169ಎ ಹೆದ್ದಾರಿಯೇ ನಮ್ಮ ಹೊಟ್ಟೆಪಾಡು. ಬೆಳಗಿನ ಜಾವ ಬಾಳೆಗೊನೆ, ಶುಂಠಿ, ಶಿವಮೊಗ್ಗದಿಂದ ಬಂದ ತರಕಾರಿ ಹೇರಿಕೊಂಡು ಆಗುಂಬೆ ಘಾಟಿ ಇಳಿಯುವುದು, ಉಡುಪಿಯಲ್ಲಿ ಇಳಿಸಿ ಮಲ್ಪೆಗೆ ಹೋಗಿ, ಬಂಗುಡೆ, ಬೂತಾಯಿ ಐಸಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಮತ್ತೆ ಘಾಟಿ ಹತ್ತುವುದು. ಆಗುಂಬೆಯ ತಿರುವುಗಳಲ್ಲಿ ದೊಡ್ಡ ಲಾರಿಗಳನ್ನು ಬಿಡುವುದಿಲ್ಲ. ಹದಿನಾಲ್ಕು ಹೇರ್‌ಪಿನ್ ತಿರುವಿನ ಆ ದಾರಿ ಅವಕ್ಕೆ ಆಗುವುದೂ ಇಲ್ಲ. ಲಾರಿಗೆ ಸಿಗದ ಬಾಡಿಗೆ ಪಿಕಪ್ಪಿನವರಿಗೆ ಸಿಗುತ್ತದೆ. ಜೂನ್, ಜುಲೈ ಎರಡು ತಿಂಗಳು ಕಡಲಿಗೆ ಬೋಟು ಇಳಿಯುವಂತಿಲ್ಲ, ಆಗ ಮಾತ್ರ ಗಾಡಿಗೂ ಅಣ್ಣಯ್ಯನಿಗೂ ವಿಶ್ರಾಂತಿ.

ಗಾಡಿಯ ಜೊತೆ ಒಂದು ವಾರಂಟಿ ಪುಸ್ತಕ ಬಂದಿತ್ತು. 3 ವರ್ಷ ಅಥವಾ 1 ಲಕ್ಷ ಕಿಲೋಮೀಟರು, ಯಾವುದು ಮೊದಲೋ ಅದು. ಆ ಪುಸ್ತಕವನ್ನು ಪೂರ್ತಿ ಓದಿದವನು ನಾನೊಬ್ಬನೇ, ಬಿ.ಎ. ಮಾಡಿದ್ದಕ್ಕೆ ಸಿಕ್ಕ ಶಿಕ್ಷೆ. ಬ್ರೇಕ್ ಪ್ಯಾಡು, ಲೈನರ್, ಕ್ಲಚ್ ಪ್ಲೇಟಿನಂಥ ಸವೆಯುವ ಸಾಮಾನಿಗೆ ವಾರಂಟಿ ಇಲ್ಲ. ಗಾಡಿಯ ಹಿಂದಿನ ಕಮಾನು ಪಟ್ಟಿ, ಅಂದರೆ ನಾವು ಪ್ಲೇಟು ಎನ್ನುತ್ತೇವಲ್ಲ ಅದಕ್ಕೆ, ಹೆಚ್ಚುವರಿ ಏನಾದರೂ ಸೇರಿಸಿದರೆ ವಾರಂಟಿ ಹೋಗುತ್ತದೆ. ಇದನ್ನು ಅಣ್ಣಯ್ಯನಿಗೆ ಓದಿ ಹೇಳಿದ್ದೆ.

ನಮ್ಮ ಕಡೆ ಪಿಕಪ್ ತಂದವರು ಪೂಜೆಯ ಕುಂಕುಮ ಆರುವ ಮೊದಲೇ ಎರಡು ಪ್ಲೇಟು ಹಾಕಿಸುತ್ತಾರೆ. ಆರ್‌ಸಿಯಲ್ಲಿ ಬರೆದದ್ದು 1,300 ಕೆ.ಜಿ. ಹೇರುವುದು ಎರಡು ಟನ್ನು. ಕಂಪನಿಯ ಪ್ಲೇಟಿನಲ್ಲೇ ಅಷ್ಟು ಹೇರಿದರೆ ಗಾಡಿ ಹಿಂದೆ ಕುಕ್ಕರಿಸಿ ಹೆಡ್‌ಲೈಟು ಮರದ ತುದಿ ನೋಡುತ್ತದೆ. ಅಣ್ಣಯ್ಯ ಮೂರು ವರ್ಷ ತಡೆದುಕೊಂಡ. ಅದೂ ಹೇಗೆ, ವ್ರತ ಹಿಡಿದವರ ಹಾಗೆ. 2022ರ ಅಕ್ಟೋಬರಿನಲ್ಲಿ ವಾರಂಟಿ ಮುಗಿಯಿತು. ಮರುವಾರವೇ ತೀರ್ಥಹಳ್ಳಿಯ ಪ್ಲೇಟ್ ಸಾಬರ ಅಂಗಡಿಗೆ ಹೋಗಿ ಎಡಕ್ಕೊಂದು ಬಲಕ್ಕೊಂದರಂತೆ ಅಲ್ಲ, ಒಂದೊಂದು ಬದಿಗೆ ಎರಡೆರಡು ಪ್ಲೇಟು ಹಾಕಿಸಿದೆವು. ದುಡ್ಡು ಎಣಿಸಿ ಕೊಟ್ಟವನು ನಾನು. ಹೇರಿದರೂ ಬಗ್ಗದೆ ಮದುಮಗನ ಹಾಗೆ ನೆಟ್ಟಗೆ ನಿಂತ ಗಾಡಿಯನ್ನು ನೋಡಿ, "ಈಗ ಗಾಡಿ ಅಂದ್ರೆ ಗಾಡಿ" ಎಂದವನೂ ನಾನೇ.

ಎಳ್ಳಮಾವಾಸ್ಯೆ ಜಾತ್ರೆಯ ಹೊತ್ತಿಗೆ ತೊಂದರೆ ಶುರುವಾಯಿತು. ಮೊದಲು ವಾಸನೆ, ದನದ ಕೊಂಬು ಸುಟ್ಟ ಹಾಗೆ. ಘಾಟಿಯ ಬುಡದ ಸೋಮೇಶ್ವರ ಮುಟ್ಟುವಾಗ ಬ್ರೇಕು ಒತ್ತಿದರೆ ಸ್ಟೇರಿಂಗು ಗಡಗಡ ನಡುಗುತ್ತಿತ್ತು. ಪ್ಯಾಡು ತೆಗೆದು ನೋಡಿದರೆ ಬಿಸ್ಕತ್ತಿನಷ್ಟೂ ಉಳಿದಿಲ್ಲ. ಶಿವಮೊಗ್ಗದ ಸರ್ವೀಸ್ ಸೆಂಟರಿನಲ್ಲಿ ಹೊಸ ಪ್ಯಾಡು ಹಾಕಿ, ಡಿಸ್ಕನ್ನು ಲೇತಿಗೆ ಕೊಟ್ಟು ಸಾಪು ಮಾಡಿದರು. ಇಪ್ಪತ್ತು ದಿನಕ್ಕೆ ಮತ್ತೆ ಅದೇ ವಾಸನೆ. ಮತ್ತೆ ಪ್ಯಾಡು. ಆಮೇಲೆ ಪೆಡಲು ಆಳಕ್ಕೆ ಹೋಗುತ್ತದೆ ಎಂದು ಮಾಸ್ಟರ್ ಸಿಲಿಂಡರ್. ಬಿಲ್ಲುಗಳನ್ನೆಲ್ಲ ನಾನು ಪಂಚಾಂಗದ ಮೊಳೆಗೆ ಚುಚ್ಚುತ್ತಾ ಹೋದೆ. ಪ್ರತಿ ಬಿಲ್ಲಿನ ಕೆಳಗೂ ಒಂದು ಸಾಲು ಇರುತ್ತಿತ್ತು: ಹಿಂದಿನ ಲೈನರ್ ಚೆನ್ನಾಗಿದೆ, ಬದಲಿಸುವ ಅಗತ್ಯವಿಲ್ಲ. ಅದನ್ನು ಓದಿ, ಅಷ್ಟಾದರೂ ಉಳಿಯಿತಲ್ಲ ಎಂದು ಸಮಾಧಾನ ಪಡುತ್ತಿದ್ದೆವು.

ಅಣ್ಣಯ್ಯನ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಯಿತು. ಕಂಪನಿಯವರು ಗಾಡಿಯೊಳಗೆ ಎಲ್ಲೋ ಗಡಿಯಾರ ಇಟ್ಟಿರುತ್ತಾರೆ, ವಾರಂಟಿ ಮುಗಿದ ದಿನದಿಂದ ಒಂದೊಂದೇ ಕೆಡುವ ಹಾಗೆ. "ಮೂರು ವರ್ಷ ಇಲ್ಲದ ಕಾಯಿಲೆ ಮೂರು ತಿಂಗಳಲ್ಲಿ ಹೆಂಗೆ ಬರ್ತದೆ, ನೀನೇ ಹೇಳು ಮಾರಾಯ." ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೂ ಹಾಗೇ ಅನ್ನಿಸಿತ್ತು.

ಇನ್ನು ಮಕ್ಕಳ ಒಂಬತ್ತನೇ ತಿರುವು.

2023ರ ಫೆಬ್ರುವರಿ. ಬೆಳಗಿನ ಜಾವ ನಾಲ್ಕು ಗಂಟೆ. ಗುಡ್ಡೇಕೇರಿ ದಾಟುವಾಗಲೇ ಮಂಜು. ಆಗುಂಬೆ ಪೇಟೆ ಮಲಗಿತ್ತು. ಗಾಡಿಯಲ್ಲಿ ಬಾಳೆಗೊನೆ, ಅದರ ಮೇಲೆ ಶುಂಠಿ ಚೀಲ. ಅಣ್ಣಯ್ಯನಿಗೆ ಮೂರನೇ ಗೇರಿನಲ್ಲಿ ಬ್ರೇಕು ಒತ್ತುತ್ತಾ ಇಳಿಯುವ ಅಭ್ಯಾಸ. ಎರಡನೇ ಗೇರಿನಲ್ಲಿ ಹೋದರೆ ಇಂಜಿನ್ ಕೂಗುತ್ತದೆ, ಡೀಸೆಲ್ ಕುಡಿಯುತ್ತದೆ ಎಂಬುದು ಅವನ ಲೆಕ್ಕ. ಆ ಲೆಕ್ಕ ತಪ್ಪು. ಗೇರಿನಲ್ಲಿ ಇಳಿಯುವಾಗ ಇಂಜಿನ್ ಗಾಡಿಯನ್ನು ಹಿಡಿಯುತ್ತದೆಯೇ ಹೊರತು ಡೀಸೆಲನ್ನು ಹೆಚ್ಚೇನೂ ಕೇಳುವುದಿಲ್ಲ. ಇದು ಆಮೇಲೆ ಗೊತ್ತಾದದ್ದು.

ಐದನೇ ತಿರುವಿಗೆ ವಾಸನೆ ಬಂತು. ಏಳನೆಯದರಲ್ಲಿ ಅಣ್ಣಯ್ಯ ಬ್ರೇಕನ್ನು ಎರಡೆರಡು ಸಲ ಒತ್ತಿದ. ನಾನು ಮೊಬೈಲು ಕಿಸೆಗೆ ಹಾಕಿಕೊಂಡೆ. ಮೇಲಿಂದ ಎಣಿಸಿದರೆ ಒಂಬತ್ತನೆಯ ತಿರುವಿಗೆ ಮೂವತ್ತು ಮಾರು ಇರುವಾಗ ಪೆಡಲು ಹತ್ತಿ ಮೂಟೆ ತುಳಿದ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಅಣ್ಣಯ್ಯ ಕೂಗಲಿಲ್ಲ. ದೇವರ ಹೆಸರನ್ನೂ ಹೇಳಲಿಲ್ಲ. "ಹಿಡ್ಕೋ" ಎಂದ, ಅಷ್ಟೆ. ಗೇರು ಕಿರುಚಿಕೊಂಡು ಎರಡಕ್ಕೆ ಬಿತ್ತು. ಎಡಗೈಯಲ್ಲಿ ಹ್ಯಾಂಡ್‌ಬ್ರೇಕನ್ನು ಒಂದೊಂದೇ ಹಲ್ಲು ಎಳೆಯುತ್ತಾ, ಗಾಡಿಯ ಮಗ್ಗುಲನ್ನು ಗುಡ್ಡದ ಬದಿಯ ಚರಂಡಿಗೆ ಒತ್ತಿದ. ಕಲ್ಲಿಗೆ ತಗಡು ಉಜ್ಜುವ ಸದ್ದು. ಮೇಲಿದ್ದ ಶುಂಠಿ ಚೀಲವೊಂದು ಕ್ಯಾಬಿನ್ನಿನ ಮೇಲಿಂದ ಹಾರಿ ರಸ್ತೆಗೆ ಬಿತ್ತು. ಗಾಡಿ ನಿಂತಾಗ ತಿರುವಿನ ಬಿಳಿ ಕಟ್ಟೆ ಹೆಡ್‌ಲೈಟಿನಲ್ಲಿ ಎಷ್ಟು ಹತ್ತಿರ ಇತ್ತೆಂದರೆ, ಅದರ ಮೇಲೆ ಯಾರೋ ಕೆತ್ತಿದ ಪ್ರೇಮಿಗಳ ಹೆಸರು ಓದಬಹುದಿತ್ತು.

ನಾನು ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ. ಆಗ ಕಂಡದ್ದನ್ನು ಮರೆಯಲಾರೆ. ಕತ್ತಲಲ್ಲಿ ಮುಂದಿನ ಚಕ್ರದ ಸಂದಿಯೊಳಗೆ ಡಿಸ್ಕು ಕೆಂಪಗೆ, ಈಗ ಈ ಒಲೆಯಲ್ಲಿ ಕೆಂಡ ಕಾಣುತ್ತದಲ್ಲ, ಅದೇ ಬಣ್ಣದಲ್ಲಿ ಇತ್ತು. ನೀರು ಸುರಿಯಲು ಕ್ಯಾನು ಎತ್ತಿದೆ. "ಸುರೀಬೇಡ, ಸೀಳ್ತದೆ" ಎಂದ ಅಣ್ಣಯ್ಯ. ಅದು ಅವನಿಗೆ ಗೊತ್ತಿತ್ತು. ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಒಂದು ಗಂಟೆ ಮಾತಿಲ್ಲ. ಬೆಳಕು ಹರಿಯುತ್ತಲೇ ಮಂಗಗಳು ಬಂದು ಗೊನೆಯೊಂದನ್ನು ಬಿಡಿಸಿ, ನಮ್ಮ ಎದುರೇ ಕೂತು ತಿಂದವು. ಓಡಿಸಬೇಕು ಎಂದು ಇಬ್ಬರಿಗೂ ತೋಚಲಿಲ್ಲ.

ಆರೂವರೆಗೆ ಅಣ್ಣಯ್ಯ ಸೀಟಿಗೆ ಹತ್ತಿ ಪೆಡಲು ಒತ್ತಿದ. ಗಟ್ಟಿಯಾಗಿತ್ತು. ಏನೂ ಆಗಿಯೇ ಇಲ್ಲ ಎನ್ನುವ ಹಾಗೆ. ಬ್ರೇಕು ಹೋದಾಗ ಬಾರದ ಸಿಟ್ಟು ಅವನಿಗೆ ಅದು ವಾಪಸು ಬಂದಾಗ ಬಂತು. ಸ್ಟೇರಿಂಗಿಗೆ ಗುದ್ದಿದ.

ಸರ್ವೀಸ್ ಸೆಂಟರಿನವರು ಗಾಡಿಯನ್ನು ಎರಡು ದಿನ ಇಟ್ಟುಕೊಂಡರು. ಶಿವಮೊಗ್ಗದ ಸಪಾಟು ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿ, "ಬ್ರೇಕು ಸರಿಯಾಗಿದೆ ಸರ್, ನೀವೇ ನೋಡಿ" ಎಂದರು. ಅವರು ಸುಳ್ಳು ಹೇಳಿರಲಿಲ್ಲ. ಆದರೆ ಅವತ್ತು ನಾವು ಅದನ್ನು ಒಪ್ಪುವ ಸ್ಥಿತಿಯಲ್ಲಿ ಇರಲಿಲ್ಲ. ಮನೆಗೆ ಬಂದು ನಾನು ಕಂಪನಿಗೆ ಕಾಗದ ಬರೆದೆ.

ಒಳ್ಳೆಯ ಕಾಗದ ಅದು. ನಾಲ್ಕು ಪುಟ. ತಾರೀಕುವಾರು ರಿಪೇರಿ, ಖರ್ಚು, ಘಾಟಿಯಲ್ಲಿ ನಡೆದದ್ದು. "ಮೂರು ವರ್ಷ ನಿಮ್ಮ ಪುಸ್ತಕದ ಒಂದೊಂದು ಅಕ್ಷರವನ್ನೂ ಪಾಲಿಸಿದ ರೈತನಿಗೆ ನೀವು ಕೊಟ್ಟ ಪ್ರತಿಫಲ ಇದು" ಎಂಬ ಸಾಲನ್ನು ಅಣ್ಣಯ್ಯ ಎರಡು ಸಲ ಓದಿಸಿಕೊಂಡ. ಅತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕಾಗದದ ಒಂದು ಪ್ರತಿ ವಕೀಲರಾದ ನಮ್ಮ ಭಾವನಿಗೂ ಹೋಯಿತು. ಬಾಡಿಗೆ ಗಾಡಿ ವ್ಯಾಪಾರದ್ದಾದ್ದರಿಂದ ಗ್ರಾಹಕ ಆಯೋಗಕ್ಕೆ ಹೋಗಲು ಬರುವುದಿಲ್ಲ ಎಂದು ಊರಲ್ಲಿ ಯಾರೋ ಹೆದರಿಸಿದ್ದರು. ಭಾವ ಹಾಗಲ್ಲ ಎಂದರು. 2019ರ ಕಾಯ್ದೆಯಲ್ಲಿ, ತಾನೇ ದುಡಿದು ಹೊಟ್ಟೆ ಹೊರೆಯಲಿಕ್ಕಷ್ಟೇ ತಂದ ಸಾಮಾನಾದರೆ ಅವನೂ ಗ್ರಾಹಕನೇ. ಜಿಲ್ಲಾ ಆಯೋಗಕ್ಕೆ ಹೋಗಬಹುದು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಗಾಡಿಗೆ ನೀವು ಹೊರಗೆ ಏನಾದರೂ ಬದಲಾವಣೆ ಮಾಡಿಸಿದ್ದು ಉಂಟಾ?"

"ಎಂತದೂ ಇಲ್ಲ ಭಾವ" ಎಂದ ಅಣ್ಣಯ್ಯ. ಅವನೂ ಸುಳ್ಳು ಹೇಳಲಿಲ್ಲ. ಪ್ಲೇಟು ಹಾಕಿಸುವುದು ನಮ್ಮಲ್ಲಿ ಬದಲಾವಣೆ ಅನ್ನಿಸಿಕೊಳ್ಳುವುದಿಲ್ಲ, ಹೊಸ ಗಾಡಿಗೆ ನಿಂಬೆಹಣ್ಣು ಕಟ್ಟಿದ ಹಾಗೆ ಅದು. ನನಗಾದರೂ ನೆನಪಾಗಬೇಕಿತ್ತು, ಪುಸ್ತಕ ಓದಿದವನು. ಆಗಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ಮೀನು ಹೇರಿಕೊಂಡು ಬರುವಾಗ ಮೇಗರವಳ್ಳಿ ಹತ್ತಿರ ಹಿಂದೆ ಟಣ್ ಎಂದಿತು. ಪ್ಲೇಟುಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟು ತುಂಡಾಗಿತ್ತು. ತೆವಳುತ್ತಾ ಸಾಬರ ಅಂಗಡಿ ಮುಟ್ಟಿದೆವು. ಸಾಬರಿಗೆ ಎಪ್ಪತ್ತರ ಹತ್ತಿರ. ತಿದಿಯ ಬದಲು ಕರೆಂಟಿನ ಬ್ಲೋವರ್ ಬಂದಿದ್ದರೂ ಕಬ್ಬಿಣದ ಹದವನ್ನು ಬಣ್ಣದಲ್ಲೇ ಹೇಳುವವರು. ಅಣ್ಣಯ್ಯ ಬೋಲ್ಟಿನ ಕಥೆ ಬಿಟ್ಟು ಬ್ರೇಕಿನ ಕಥೆ ಶುರು ಮಾಡಿದ. ಸಿಕ್ಕಿದವರಿಗೆಲ್ಲ ಹೇಳುವ ಕಾಲ ಅದು. ಸಾಬರು ಬೀಡಿ ಸೇದುತ್ತಾ ಕೇಳಿದರು. ಮಧ್ಯೆ ಒಂದೇ ಪ್ರಶ್ನೆ:

"ಕೈಬ್ರೇಕು ಹಿಡೀತಾ ಗೌಡ್ರೆ?"

"ಅದು ಹಿಡಿದದ್ದಕ್ಕೇ ಇವತ್ತು ನಿಮ್ಮ ಎದುರು ನಿಂತಿದ್ದೀನಿ."

"ಅದು ಯಾವ ಚಕ್ರಕ್ಕೆ ಹಿಡಿಯೋದು?"

ಅಣ್ಣಯ್ಯ ಬಾಯಿ ತೆರೆದು ಮುಚ್ಚಿದ. ಸಾಬರು ಎದ್ದು, ಸಿಲ್ವಾರದ ಚೆಂಬಿನಿಂದ ಬೆರಳು ಅದ್ದಿ ಮುಂದಿನ ಚಕ್ರಕ್ಕೆ ನಾಲ್ಕು ಹನಿ ಚಿಮುಕಿಸಿದರು. ಚುಂಯ್ ಎಂದಿತು. ಘಾಟಿ ಹತ್ತಿ ಬಂದ ಗಾಡಿ, ಪೇಟೆಯೊಳಗೆ ನಾಲ್ಕು ಸಲ ಬ್ರೇಕು ಹಾಕಿದ್ದಷ್ಟೇ, ಆದರೂ. ಹಿಂದಿನ ಚಕ್ರಕ್ಕೆ ಚಿಮುಕಿಸಿದರು. ನೀರು ಸುಮ್ಮನೆ ಇಳಿದು ಹೋಯಿತು. ಅಂಗೈಯನ್ನೇ ಡ್ರಮ್ಮಿನ ಮೇಲೆ ಇಟ್ಟು, "ಮಸೀದಿ ಕಲ್ಲಿನ ಹಾಗೆ ತಂಪು" ಎಂದರು. "ಕೈಬ್ರೇಕು ತಂತಿಯಲ್ಲಿ ಹೋಗ್ತದೆ. ಕಾಲಿಂದು ಎಣ್ಣೆಯಲ್ಲಿ ಹೋಗ್ತದೆ. ಹಿಂದಿನ ಚಕ್ರಕ್ಕೆ ತಂತಿ ಬರ್ತಾ ಉಂಟು, ಎಣ್ಣೆ ಬರ್ತಾ ಇಲ್ಲ."

ಆಮೇಲೆ ನನ್ನನ್ನು ಗಾಡಿಯ ಕೆಳಗೆ ಕರೆದು ಟಾರ್ಚು ಬಿಟ್ಟರು. ಚಾಸಿಗೆ ಅಂಟಿಕೊಂಡು ಮುಷ್ಟಿ ಗಾತ್ರದ ಒಂದು ವಾಲ್ವು, ಅದರಿಂದ ಹಿಂದಿನ ಆಕ್ಸಲ್ಲಿಗೆ ಒಂದು ಕಡ್ಡಿ. ಅದರ ಕೆಲಸ ಕೇಳಿದರೆ ಯಾರೋ ಬುದ್ಧಿವಂತ ಹೆಂಗಸು ಯೋಚಿಸಿದ ಹಾಗಿದೆ. ಗಾಡಿಯಲ್ಲಿ ಹೇರು ಇದ್ದರೆ ಚಾಸಿ ಕೆಳಗೆ ಕೂರುತ್ತದೆ, ಕಡ್ಡಿ ತಿರುಗುತ್ತದೆ, ಹಿಂದಿನ ಬ್ರೇಕಿಗೆ ಎಣ್ಣೆಯ ಒತ್ತಡ ಹೆಚ್ಚು ಹೋಗುತ್ತದೆ. ಖಾಲಿ ಇದ್ದರೆ ಚಾಸಿ ಎತ್ತರದಲ್ಲಿ ಇರುತ್ತದೆ, ಹಿಂದಕ್ಕೆ ಕಡಿಮೆ ಹೋಗುತ್ತದೆ. ಇಲ್ಲದಿದ್ದರೆ ಖಾಲಿ ಗಾಡಿಯ ಹಿಂದಿನ ಚಕ್ರ ಜಾಮಾಗಿ ಗಾಡಿ ಗಿರಕಿ ಹೊಡೆಯುತ್ತದೆ. ಕಡ್ಡಿಗೆ ಗೊತ್ತಿರುವುದು ಎತ್ತರ ಒಂದೇ. ತೂಕ ಅದಕ್ಕೆ ಗೊತ್ತಿಲ್ಲ.

"ನೀವು ಪ್ಲೇಟು ಹಾಕಿಸಿದ್ರಿ. ಗಾಡಿ ಬಗ್ಗೋದು ಬಿಟ್ಟಿತು. ಎರಡು ಟನ್ನು ಹೇರಿದ್ರೂ ಈ ಕಡ್ಡಿ, ಗಾಡಿ ಖಾಲಿ ಅಂತಲೇ ತಿಳ್ಕೊಂಡಿದೆ."

ಅದರ ಮೇಲೆ ಮಲ್ಪೆಯ ಉಪ್ಪುನೀರು. ಮೀನಿನ ಪೆಟ್ಟಿಗೆಯಿಂದ ದಿನಾ ತೊಟ್ಟಿಕ್ಕಿದ್ದು ಸರಿಯಾಗಿ ಆ ಕಡ್ಡಿಯ ಕೀಲಿನ ಮೇಲೆ. ಅದು ಮೇಲೆತ್ತಿದ ಜಾಗದಲ್ಲೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸಾಬರು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ತುಕ್ಕು ಉದುರಿತೇ ಹೊರತು ಅದು ಅಲ್ಲಾಡಲಿಲ್ಲ. ಹೀಗೆ ಹಿಂದಿನ ಎರಡು ಚಕ್ರ ಕೈಕಟ್ಟಿ ಕೂತಾಗ ಇಡೀ ಘಾಟಿಯನ್ನು ಮುಂದಿನ ಎರಡೇ ಹಿಡಿಯಬೇಕು. ಪ್ಯಾಡು ಸವೆಯದೆ, ಡಿಸ್ಕು ಸೊಟ್ಟಗಾಗದೆ ಏನು ಮಾಡೀತು? ಹಿಂದಿನ ಲೈನರ್ ಚೆನ್ನಾಗಿದೆ ಎಂದು ಪಂಚಾಂಗದ ಮೊಳೆಯಲ್ಲಿ ಮೂರು ಬಿಲ್ಲು ಕೂಗಿ ಹೇಳುತ್ತಿತ್ತು. ಕೆಲಸ ಮಾಡದವನ ಅಂಗಿ ಹರಿಯುವುದಿಲ್ಲ.

ಪೆಡಲು ಮೆತ್ತಗಾದದ್ದು ಬ್ರೇಕ್ ಆಯಿಲ್ ಕುದಿದು. ಕುದಿದ ಎಣ್ಣೆಯಲ್ಲಿ ಆವಿಯ ಗುಳ್ಳೆ ಎದ್ದರೆ ಕಾಲಿನ ಒತ್ತಡ ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿಯುತ್ತದೆ, ಚಕ್ರಕ್ಕೆ ಮುಟ್ಟುವುದಿಲ್ಲ. ತಣಿದ ಮೇಲೆ ಗುಳ್ಳೆ ಹೋಗಿ ಪೆಡಲು ಮತ್ತೆ ಗಟ್ಟಿ. ಈ ಎಣ್ಣೆಗೆ ಗಾಳಿಯ ತೇವ ಹೀರುವ ಚಟ ಬೇರೆ. ಡಾಟ್ 3 ಎಂಬ ಜಾತಿಯದು ಹೊಸತಿದ್ದಾಗ ಕಡಿಮೆಯೆಂದರೂ 205 ಡಿಗ್ರಿವರೆಗೆ ಕುದಿಯಬಾರದು ಎಂದು ನಿಯಮ. ನೀರು ಸೇರಿದ ಮೇಲೆ 140 ಡಿಗ್ರಿ ತಡೆದರೆ ಸಾಕು ಎನ್ನುತ್ತದೆ ಅದೇ ನಿಯಮ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಾವು ತಂದ ದಿನದಿಂದ ಪೂರ್ತಿಯಾಗಿ ಬದಲಿಸಿರಲಿಲ್ಲ. ಅದೂ ಯಾವ ಊರಿನಲ್ಲಿ? ಉಪ್ಪಿನಕಾಯಿ ಭರಣಿಗೂ ಬೂಸಲು ಬರುವ ಆಗುಂಬೆ ಸೀಮೆಯಲ್ಲಿ.

ಈ ಕಥೆಯನ್ನು ಹೋದ ಮಳೆಗಾಲ ಒಲೆಯ ಮುಂದೆ ಹೇಳುವಾಗ, ಪಿಯುಸಿ ಓದುವ ಅಣ್ಣಯ್ಯನ ಮಗಳು ಮೊಬೈಲಿನಲ್ಲಿ ಲೆಕ್ಕ ಹಾಕಿದಳು. ಹೇರು ಸೇರಿ ಮೂರೂವರೆ ಟನ್ನಿನ ಗಾಡಿ, 500 ಮೀಟರು ಇಳಿತ. ಅಷ್ಟೂ ಶಕ್ತಿ ಬ್ರೇಕಿನಲ್ಲೇ ಬಿಸಿಯಾದರೆ ಐವತ್ತು ಲೀಟರಿಗೂ ಮಿಕ್ಕಿ ತಣ್ಣೀರು ಕುದಿಯುತ್ತದಂತೆ. "ಅಂದ್ರೆ ಈ ಹಂಡೆ, ಚಿಕ್ಕಪ್ಪಯ್ಯ" ಎಂದು ಹಂಡೆಗೆ ಬೆರಳಿನಿಂದ ತಟ್ಟಿದಳು. ಒಂದು ಹಂಡೆ ನೀರು ಕಾಯಿಸಲು ನಮ್ಮ ಕುಂಟೆಗೆ ಒಂದೂವರೆ ಗಂಟೆ ಬೇಕು. ಅಣ್ಣಯ್ಯನ ಎರಡು ಡಿಸ್ಕು ಅದನ್ನು ಇಪ್ಪತ್ತೈದು ನಿಮಿಷದಲ್ಲಿ ಮಾಡುತ್ತಿದ್ದವು.

ಸಾಬರು ವಾಲ್ವನ್ನು ಬೈಪಾಸ್ ಮಾಡಿ ನೇರ ಪೈಪು ಹಾಕಲು ಒಪ್ಪಲಿಲ್ಲ. ಹಾಗೆ ಮಾಡಿಕೊಡುವವರು ಇದ್ದಾರೆ, ನೂರು ರೂಪಾಯಿಯ ಕೆಲಸ. "ಮಳೆಗಾಲದಲ್ಲಿ ಖಾಲಿ ಗಾಡಿ ಇಳಿಸ್ತೀರಲ್ಲ, ಅವತ್ತು ನಾನು ನೆನಪಾಗ್ತೀನಿ" ಎಂದರು. ಹೊಸ ವಾಲ್ವು ತರಿಸಿ, ಹೆಚ್ಚುವರಿ ಪ್ಲೇಟುಗಳನ್ನೆಲ್ಲ ತೆಗೆಸಿ, ಆರ್‌ಸಿಯಲ್ಲಿ ಬರೆದಷ್ಟೇ ಹೇರಿ. ಇದು ಅವರ ಮಾತು. ಪ್ಲೇಟು ಹಾಕಿ ಬದುಕುವ ಮನುಷ್ಯ ಪ್ಲೇಟು ತೆಗೆಸಿ ಎನ್ನುತ್ತಿದ್ದರು. ಹಾಕುವಾಗಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. "ನೀವು ಕೇಳಿದ್ದು ಗಾಡಿ ಬಗ್ಗಬಾರದು ಅಂತ. ಬಗ್ಗಲಿಲ್ಲ" ಎಂದರು.

ಅಣ್ಣಯ್ಯ ಮಲ್ಪೆ ದಕ್ಕೆಯಲ್ಲಿ ಮೀನು ಚೌಕಾಸಿ ಮಾಡುವವನ ಹಾಗೆ ಒಂದು ಗಂಟೆ ಚೌಕಾಸಿ ಮಾಡಿದ. ಕೊನೆಗೆ ಬದಿಗೊಂದು ಪ್ಲೇಟು ಇಳಿಯಿತು, ಇನ್ನೊಂದು ಉಳಿಯಿತು. ಹೊಸ ವಾಲ್ವು ಬಂತು, ಎಣ್ಣೆ ಬದಲಾಯಿತು. ಪೆಟ್ಟಿಗೆಯ ನೀರು ಹೊರಗೆ ಹೋಗಲು ಪೈಪು ಕಟ್ಟಿ ಕೆಳಗೊಂದು ಕ್ಯಾನು ನೇತು ಹಾಕಿದೆವು. ಹೇರು ಇಳಿಸಿದ್ದರಿಂದ ವಾರಕ್ಕೆ ಒಂದು ಟ್ರಿಪ್ಪು ಹೆಚ್ಚಾಯಿತು. ಆ ಡೀಸೆಲಿನ ಲೆಕ್ಕ ಹೇಳಿ ಅಣ್ಣಯ್ಯ ಈಗಲೂ ನನ್ನನ್ನು ಬೈಯುತ್ತಾನೆ. ಎರಡನೇ ಗೇರಿನಲ್ಲಿ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ಬಿಸಿ ನೋಡುವುದು ಅವನಿಗೆ ಅಭ್ಯಾಸವಾಯಿತು. ತೆಗೆದ ಪ್ಲೇಟುಗಳಲ್ಲಿ ಒಂದನ್ನು ಸಾಬರೇ ಕತ್ತಿ ಮಾಡಿಕೊಟ್ಟರು. ಈ ಒಲೆಗೆ ಸೌದೆ ಸೀಳುವುದು ಅದರಲ್ಲೇ.

ಕಾಗದವನ್ನು ನಾನು ಮರೆತೇಬಿಟ್ಟಿದ್ದೆ. ಏಪ್ರಿಲಿನ ಒಂದು ಸಂಜೆ ಕಂಪನಿಯ ಇಂಜಿನಿಯರರೊಬ್ಬರ ಫೋನು ಬಂತು. ಹುಬ್ಬಳ್ಳಿ ಕಡೆಯ ಮಾತು, ಬಹಳ ಮರ್ಯಾದಸ್ಥರು. ನಿಮ್ಮ ಪತ್ರ ಓದಿ ಬೇಜಾರಾತ್ರಿ, ಇಬ್ಬರನ್ನ ಕರಕೊಂಡು ಗುರುವಾರ ನಾನೇ ಬಂದು ಗಾಡಿ ನೋಡ್ತೀನಿ ಎಂದರು. ಅಣ್ಣಯ್ಯ ಫೋನನ್ನು ಕೆಂಡ ಹಿಡಿದವನ ಹಾಗೆ ನನ್ನ ಕೈಗೆ ದಾಟಿಸಿದ. "ನೀನೇ ಬರೆದದ್ದು, ನೀನೇ ಮಾತಾಡು."

ಗಾಡಿ ಈಗ ಸರಿಯಾಗಿದೆ, ಬರುವುದು ಬೇಡ ಎಂದೆ.

"ಛಲೋ ಆತು. ಏನ್ ತೊಂದ್ರೆ ಇತ್ರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದೆ. ನಾಲ್ಕು ಪುಟದ ಒಂದೊಂದು ಸಾಲೂ ಕಣ್ಣೆದುರು ಬಂತು. ಅಕ್ಷರ ಅಕ್ಷರ ಪಾಲಿಸಿದ ರೈತ. ಕೊನೆಗೆ ಹೇಳಿದೆ: "ಪ್ಲೇಟು ಹಾಕಿಸಿದ್ದೆವು ಸರ್. ಬದಿಗೆ ಎರಡೆರಡು."

ಆ ಕಡೆಯಿಂದ ಉಸಿರು ಬಿಟ್ಟ ಸದ್ದು. ಈ ಮಾತನ್ನು ಅವರು ಎಷ್ಟು ಊರುಗಳಿಂದ ಕೇಳಿದ್ದರೋ. "ತೆಗಿಸಿದ್ರಿ?"

"ಬದಿಗೊಂದು ತೆಗೆಸಿದ್ದೇವೆ."

"ಇನ್ನೊಂದು?"

ಜಗಲಿಯ ಆ ತುದಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಕತ್ತಿಯ ಮೇಲೆ ಕೂತಿದ್ದ ಅಣ್ಣಯ್ಯ, ತಲೆ ಎತ್ತದೆ ಪಿಸುಗುಟ್ಟಿದ: "ನೆಟ್‌ವರ್ಕ್ ಹೋಯ್ತು ಅನ್ನು ಮಾರಾಯ."